ಎಲುಬಿಲ್ಲದೆ, ಮೀನಿಲ್ಲದೆ ರಾಮೆನ್: ಮೈಸೂರಿನ ಅಡುಗೆಮನೆಗೊಂದು ಸಮಗ್ರ ಮಾರ್ಗದರ್ಶಿ

ರಾಮೆನ್ ಎಂದರೆ ಜಪಾನಿನ ನೂಡಲ್ಸ್ ಸೂಪು. ಮನೆಯಲ್ಲಿ ಮಾಡಿದ ಸಸ್ಯಾಹಾರಿ ರಾಮೆನ್ ಸಪ್ಪೆಯಾಗುವುದಕ್ಕೆ ಬಹುತೇಕ ಒಂದೇ ಕಾರಣ. ತರಕಾರಿ ಬೇಯಿಸಿದ ನೀರಿಗೆ ಸೋಯಾ ಸಾಸ್ ಸುರಿದು, ಅದರಲ್ಲೇ ನೂಡಲ್ಸ್ ಬೇಯಿಸಿ, ಅದನ್ನೇ ಸೂಪ್ ಎಂದುಕೊಳ್ಳುತ್ತೇವೆ. ರುಚಿ ಸಾಲದೆನಿಸಿದಾಗ ಕೈ ಖಾರದ ಪುಡಿಯ ಡಬ್ಬಿಗೆ ಹೋಗುತ್ತದೆ. ಕೊನೆಗೆ ಅದು ರಾಮೆನ್ನೂ ಅಲ್ಲ, ನಮ್ಮ ಸಾರೂ ಅಲ್ಲ.

ಜಪಾನಿನ ಅಂಗಡಿಗಳಲ್ಲಿ ಹಂದಿ ಅಥವಾ ಕೋಳಿಯ ಎಲುಬು ಮತ್ತು ಒಣಮೀನು ಈ ಸೂಪಿಗೆ ಮೂರು ಗುಣ ಕೊಡುತ್ತವೆ: ನಾಲಿಗೆ ತುಂಬುವ ಉಮಾಮಿ ರುಚಿ, ದ್ರವಕ್ಕೆ ಒಂದಿಷ್ಟು ಮೈ, ಮೇಲೆ ತೇಲುವ ಕೊಬ್ಬಿನ ಘಮ. ಅವನ್ನು ಬಿಟ್ಟಾಗ ಮೂರಕ್ಕೂ ಬೇರೆ ಬೇರೆ ಕಡೆಯಿಂದ ಬದಲಿ ತರಬೇಕು. ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಕುದಿಸಿದರೆ ಅದು ಸಿಗುವುದಿಲ್ಲ. ಸ್ಟಾಕ್ ಎಂಬ ಉಪ್ಪಿಲ್ಲದ ರಸ, ತರೆ ಎಂಬ ಉಪ್ಪಿನ ಸಾರ, ಘಮದ ಎಣ್ಣೆ, ನೂಡಲ್ಸ್, ಮೇಲಿನ ಅಲಂಕಾರ: ಈ ಐದನ್ನೂ ಬೇರೆ ಬೇರೆಯಾಗಿ ಮಾಡಿಟ್ಟು, ತಿನ್ನುವ ಹೊತ್ತಿಗೆ ಬಟ್ಟಲಿನಲ್ಲಿ ಕೂಡಿಸಬೇಕು. ಮಂಡ್ಯದ ಕಡೆ ಬಸ್ಸಾರು ಮಾಡುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಕಾಳು ಸೊಪ್ಪು ಬೆಂದ ಕಟ್ಟನ್ನು ಬಸಿದುಕೊಂಡು, ಖಾರ ಬೇರೆ ರುಬ್ಬಿ, ಪಲ್ಯ ಬೇರೆ ಮಾಡಿ, ತಟ್ಟೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಉಣ್ಣುವ ಕ್ರಮ ಅದು.

ಇಲ್ಲಿರುವ ಅಳತೆಗಳೆಲ್ಲ ನಾಲ್ಕು ಬಟ್ಟಲಿಗೆ. ಹಿಂದಿನ ರಾತ್ರಿ ಅರ್ಧ ಗಂಟೆ, ಮರುದಿನ ಎರಡೂವರೆ ಗಂಟೆ ಬೇಕು.

ರುಚಿ ಎಲ್ಲಿಂದ ಬರುತ್ತದೆ

ಕೊಂಬು ಎಂಬುದು ದಪ್ಪನೆಯ ಒಣ ಸಮುದ್ರಪಾಚಿ. ಜಪಾನಿನಲ್ಲಿ ಇದು ಹೆಚ್ಚಾಗಿ ಉತ್ತರದ ಹೊಕ್ಕೈಡೊ ದ್ವೀಪದ ಬೆಳೆ. ಇದರ ರುಚಿಗೆ ಗ್ಲುಟಮೇಟ್ ಕಾರಣವೆಂದು 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಕಂಡುಹಿಡಿದು ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಒಣಗಿದ ಶಿಟಾಕೆ ಅಣಬೆಯಲ್ಲಿ ಇರುವುದು ಗ್ವಾನಿಲೇಟ್ ಎಂಬ ಬೇರೆ ವಸ್ತು. ಇವೆರಡೂ ಒಂದೇ ಬಾಯಿಗೆ ಬಂದಾಗ ರುಚಿ ಕೂಡಿಕೆಯಾಗುವುದಿಲ್ಲ, ಗುಣಾಕಾರವಾಗುತ್ತದೆ. ಕೊಂಬು ಮಾತ್ರ ಹಾಕಿದರೆ ಮೆದು, ಶಿಟಾಕೆ ಮಾತ್ರ ಹಾಕಿದರೆ ಬರೀ ಅಣಬೆ ವಾಸನೆ. ಎರಡನ್ನೂ ಹಾಕಿ.

ಇದನ್ನು ಮಾಂಸದ ಸೂಪಿನ ಬಡ ಬದಲಿ ಎಂದು ನೋಡಬೇಕಿಲ್ಲ. ಜಪಾನಿನ ಬೌದ್ಧ ದೇವಾಲಯಗಳ ಶೋಜಿನ್ ಅಡುಗೆಯಲ್ಲಿ ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಅಲ್ಲಿನ ಸಾರಿನ ಆಧಾರ ಕೊಂಬು ಮತ್ತು ಶಿಟಾಕೆಯೇ. ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಳಸದವರು ಕೆಳಗಿನ ಕ್ರಮದಲ್ಲಿ ಅವೆರಡನ್ನು ಕೈಬಿಟ್ಟು, ಶುಂಠಿಯನ್ನು ಇಮ್ಮಡಿ ಮಾಡಿ, ಹುರಿದ ಎಳ್ಳನ್ನು ಧಾರಾಳವಾಗಿ ಹಾಕಿದರೆ ಸಾಕು.

ಕೊಂಬು, ಶಿಟಾಕೆ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಮೂರನ್ನೂ ಆನ್‌ಲೈನಿನಲ್ಲಿ ತರಿಸಬಹುದು. ಒಮ್ಮೆ ತಂದರೆ ಗಾಳಿಯಾಡದ ಡಬ್ಬಿಯಲ್ಲಿ ಒಣ ಸಾಮಾನು ತಿಂಗಳುಗಟ್ಟಲೆ ಬಾಳುತ್ತದೆ. ಕೊಂಬು ಸಿಗದೇಹೋದರೆ ಬಿಸಿಲಲ್ಲಿ ಒಣಗಿಸಿದ ಟೊಮ್ಯಾಟೊ ಹೋಳು ಹತ್ತು-ಹನ್ನೆರಡು, ಜೊತೆಗೆ ಕಾಲು ಚಮಚ ಟೇಸ್ಟಿಂಗ್ ಪೌಡರ್ ಹಾಕಿ. ಹೌದು, ಗೋಬಿ ಮಂಚೂರಿ ಗಾಡಿಯ ಅದೇ ಪುಡಿ. ಇಕೆದಾ ಕೊಂಬುವಿನಿಂದ ತೆಗೆದದ್ದು ಅದೇ ಗ್ಲುಟಮೇಟ್. ಈಗ ಕಬ್ಬಿನ ಕಾಕಂಬಿಯಂಥ ಸಸ್ಯಮೂಲವನ್ನು ಹುದುಗಿಸಿ ತಯಾರಿಸುತ್ತಾರೆ. ಅಳತೆಯಲ್ಲಿದ್ದರೆ ಅದನ್ನು ಕಂಡು ಹೆದರುವ ಕಾರಣವಿಲ್ಲ. ಶಿಟಾಕೆಗೆ ಬದಲಾಗಿ ನಮ್ಮಲ್ಲೇ ಸಿಗುವ ಚಿಪ್ಪಣಬೆಯನ್ನು ಸೀಳಿ, ತೆಳು ಬಟ್ಟೆ ಮುಚ್ಚಿ, ಮುರಿದರೆ ಪಟಕ್ಕೆನ್ನುವಷ್ಟು ಒಣಗಿಸಿ 40 ಗ್ರಾಂ ಬಳಸಿ. ಘಮ ಬೇರೆ, ಆದರೆ ಸೂಪ್ ನಿಲ್ಲುತ್ತದೆ. ಹಸಿ ಬಟನ್ ಅಣಬೆಯಿಂದ ಈ ಕೆಲಸ ಆಗುವುದಿಲ್ಲ.

ಸ್ಟಾಕ್

ಮೊದಲು ನೀರಿನ ಮಾತು. ಗಡಸು ನೀರಿನಲ್ಲಿ ಕೊಂಬು ಸರಿಯಾಗಿ ರುಚಿ ಬಿಡುವುದಿಲ್ಲ. ಕ್ಯಾಲ್ಸಿಯಂ ಅಡ್ಡ ಬರುತ್ತದೆ. ಮಂಡ್ಯ, ಮೈಸೂರಿನ ಹೊರವಲಯಗಳಲ್ಲಿ ಬೋರ್‌ವೆಲ್ ನೀರು ಬಳಸುವವರು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ, ಸ್ಟಾಕಿಗೆ ಫಿಲ್ಟರ್ ನೀರನ್ನೇ ಹಿಡಿಯಿರಿ. ಕಾವೇರಿ ನಲ್ಲಿ ನೀರು ಇದ್ದರೆ ಚಿಂತೆಯಿಲ್ಲ.

ರಾತ್ರಿ ಎರಡು ಪಾತ್ರೆ ಇಡಿ. ಒಂದರಲ್ಲಿ 1.5 ಲೀಟರ್ ತಣ್ಣೀರು ಮತ್ತು 20 ಗ್ರಾಂ ಕೊಂಬು. ಕೊಂಬುವಿನ ಮೇಲಿರುವ ಬಿಳಿ ಪುಡಿಯನ್ನು ತೊಳೆಯಬೇಡಿ, ಅದೇ ರುಚಿ. ಮಣ್ಣಿದ್ದರೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಇನ್ನೊಂದರಲ್ಲಿ 600 ಮಿಲಿ ತಣ್ಣೀರು ಮತ್ತು 25 ಗ್ರಾಂ ಒಣ ಶಿಟಾಕೆ. ಎರಡನ್ನೂ ಫ್ರಿಜ್ಜಿನಲ್ಲೇ ಇಡಿ, ಎಂಟರಿಂದ ಹತ್ತು ಗಂಟೆ. ಏಪ್ರಿಲ್ ಸೆಕೆಯಲ್ಲಿ ಹೊರಗಿಟ್ಟರೆ ಬೆಳಗ್ಗೆಗೆ ಹುಳಿ ವಾಸನೆ ಬರುತ್ತದೆ.

ಎರಡನ್ನೂ ಒಟ್ಟಿಗೆ ನೆನೆಸಬಾರದೇ ಎಂದು ಕೇಳಬಹುದು. ಅವೆರಡಕ್ಕೆ ಬೇಕಾದ ಬಿಸಿ ಬೇರೆ. ಕೊಂಬು 60 ಡಿಗ್ರಿಯಲ್ಲಿ ನಿಧಾನವಾಗಿ ರುಚಿ ಬಿಡುತ್ತದೆ, ಕುದಿಸಿದರೆ ಲೋಳೆಯೂ ಕಹಿಯೂ ಇಳಿಯುತ್ತವೆ. ಶಿಟಾಕೆಯಲ್ಲಿ ಗ್ವಾನಿಲೇಟ್ ಹುಟ್ಟುವುದು ಬಿಸಿ ಮಾಡುವಾಗ, ಸುಮಾರು 60ರಿಂದ 70 ಡಿಗ್ರಿಯಲ್ಲಿ. ಆದರೆ ಅದಕ್ಕಿಂತ ಕಡಿಮೆಯ ಬೆಚ್ಚಗಿನ ಹಂತದಲ್ಲಿ ಬಹಳ ಹೊತ್ತು ನಿಂತರೆ ಅಣಬೆಯಲ್ಲೇ ಇರುವ ಇನ್ನೊಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಹಾಗಾಗಿ ತಣ್ಣೀರಲ್ಲಿ ನೆನೆಸಿ, ಬೇಗ ಬಿಸಿಗೇರಿಸಬೇಕು. ಅವಸರಕ್ಕೆಂದು ಬಿಸಿನೀರಲ್ಲಿ ನೆನೆಸಿದ ಶಿಟಾಕೆ ಬೇಗ ಮೆತ್ತಗಾಗುತ್ತದೆ, ರುಚಿ ಮಾತ್ರ ತೆಳ್ಳಗೆ.

ಬೆಳಗ್ಗೆ ಕೊಂಬು ಇರುವ ಪಾತ್ರೆಯನ್ನು ಅತಿ ಸಣ್ಣ ಉರಿಯಲ್ಲಿಟ್ಟು 60 ಡಿಗ್ರಿಗೆ ತನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಗುರುತು ಹೀಗೆ: ತಳದಲ್ಲಿ ಸಾಸಿವೆಯಷ್ಟು ಗುಳ್ಳೆ ಅಂಟಿಕೊಂಡಿರುತ್ತವೆ, ಸಣ್ಣಗೆ ಹಬೆ ಏಳುತ್ತದೆ, ಗುಳ್ಳೆ ಮೇಲೇರುವುದಿಲ್ಲ. ಆ ಹದದಲ್ಲಿ 45 ನಿಮಿಷ, ಬೇಕಾದಾಗ ಒಲೆ ಆರಿಸುತ್ತ ಹಚ್ಚುತ್ತ ಇರಿಸಿ. ಆಮೇಲೆ ಕೊಂಬುವನ್ನು ತೆಗೆದಿಡಿ, ಎಸೆಯಬೇಡಿ.

ಅಷ್ಟರಲ್ಲಿ ಎರಡು ಈರುಳ್ಳಿಯನ್ನು ಅಡ್ಡ ಹೋಳು ಮಾಡಿ, ಕತ್ತರಿಸಿದ ಮುಖ ಕೆಳಗೆ ಮಾಡಿ ಎಣ್ಣೆಯಿಲ್ಲದ ಕಬ್ಬಿಣದ ತವಾ ಮೇಲೆ ಏಳೆಂಟು ನಿಮಿಷ ಇಡಿ. ಮುಖ ಕಡುಕಂದು ಆಗಬೇಕು, ಇದ್ದಿಲಾಗಬಾರದು. ಎಲುಬಿನ ಸೂಪಿನಲ್ಲಿರುವ ಹುರಿದ ಘಮಕ್ಕೆ ತರಕಾರಿಯ ಉತ್ತರ ಇದು.

ಶಿಟಾಕೆ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ (ತಳದಲ್ಲಿ ಮರಳಿರುತ್ತದೆ) ಕೊಂಬು ನೀರಿಗೆ ಸೇರಿಸಿ, ಉರಿ ಏರಿಸಿ ಕುದಿ ತನ್ನಿ. ಶಿಟಾಕೆಯ ಗಟ್ಟಿ ತೊಟ್ಟುಗಳನ್ನು ಕಿತ್ತು ಇದಕ್ಕೇ ಹಾಕಿ, ಟೋಪಿಗಳನ್ನು ತೆಗೆದಿಡಿ. ಸುಟ್ಟ ಈರುಳ್ಳಿ, ಒಂದು ಕ್ಯಾರೆಟ್, ಜಜ್ಜಿದ 20 ಗ್ರಾಂ ಶುಂಠಿ, ಎಂಟು ಎಸಳು ಬೆಳ್ಳುಳ್ಳಿ, ಈರುಳ್ಳಿ ಹೂವಿನ ಬಿಳಿ ಭಾಗ ಹಾಕಿ, ಮುಚ್ಚಳ ಅರ್ಧ ಸರಿಸಿ, ಸಣ್ಣ ಕುದಿಯಲ್ಲಿ 25 ನಿಮಿಷ. ನಂತರ 150 ಗ್ರಾಂ ಎಲೆಕೋಸು, ಒಂದು ಟೊಮ್ಯಾಟೊ ಸೇರಿಸಿ ಇನ್ನು 20 ನಿಮಿಷ. ಎಲೆಕೋಸನ್ನು ಮೊದಲೇ ಹಾಕಿದರೆ ಗಂಧಕದ ವಾಸನೆ ಎದ್ದು ಮನೆ ತುಂಬುತ್ತದೆ. ಕುಕ್ಕರಿನಲ್ಲಿ ಕೂಗಿಸಿದರೂ ಅದೇ ಗತಿ. ಟೊಮ್ಯಾಟೊ ಒಂದಕ್ಕಿಂತ ಹೆಚ್ಚಾದರೆ ಹುಳಿ ಮುಂದೆ ಬಂದು ಸೂಪ್ ತಿಳಿಸಾರಿನ ಕಡೆ ವಾಲುತ್ತದೆ. ಹೂಕೋಸು, ನವಿಲುಕೋಸು, ಮೂಲಂಗಿ, ಬೀಟ್‌ರೂಟ್, ಕೊತ್ತಂಬರಿ, ಕರಿಬೇವು ಬೇಡವೇ ಬೇಡ.

ಹಿಂಡದೆ ಸೋಸಿ. ಸುಮಾರು ಒಂದೂವರೆ ಲೀಟರ್ ಉಳಿಯುತ್ತದೆ. ರುಚಿ ನೋಡಿದರೆ ತುಸು ಸಿಹಿ, ಏನೋ ಕೊರತೆ ಎನಿಸಬೇಕು. ಉಪ್ಪು ಹಾಕುವ ಆಸೆಯನ್ನು ತಡೆದುಕೊಳ್ಳಿ, ಉಪ್ಪು ತರೆಯಿಂದ ಬರುತ್ತದೆ.

ತರೆ: ಸೋಯಾ ಅಥವಾ ಮಿಸೊ

ಸೋಯಾ ತರೆಗೆ ಸಹಜವಾಗಿ ಹುದುಗಿಸಿದ ಸೋಯಾ ಸಾಸ್ 120 ಮಿಲಿ ಬೇಕು. ಬಾಟಲಿಯ ಹಿಂದೆ ನೀರು, ಸೋಯಾ, ಗೋಧಿ, ಉಪ್ಪು ಎಂದಷ್ಟೇ ಇದ್ದರೆ ಸರಿ. ಫ್ರೈಡ್ ರೈಸಿಗೆ ಬಳಸುವ ಅಗ್ಗದ ಡಾರ್ಕ್ ಸಾಸಿನಲ್ಲಿ ಹೆಚ್ಚಾಗಿ ಕ್ಯಾರಮೆಲ್ ಬಣ್ಣವೇ ಮೇಲುಗೈ, ಸೂಪು ಕಪ್ಪಾಗಿ ಕಮಟು ಬರುತ್ತದೆ. ಈ ಇಡೀ ಅಡುಗೆಯಲ್ಲಿ ಒಂದೇ ವಸ್ತುವಿಗೆ ಹೆಚ್ಚು ದುಡ್ಡು ಕೊಡಬಹುದಾದರೆ ಅದು ಸೋಯಾ ಸಾಸಿಗೆ.

ಸಾಸಿಗೆ 30 ಮಿಲಿ ನೀರು, 12 ಗ್ರಾಂ ಬೆಲ್ಲ, 4 ಗ್ರಾಂ ಉಪ್ಪು, ಬೆರಳಗಲದ ಕೊಂಬು ಚೂರು, ಎತ್ತಿಟ್ಟ ಶಿಟಾಕೆ ಟೋಪಿಗಳನ್ನು ಸೇರಿಸಿ, ಕುದಿಯದಂತೆ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಕೊನೆಗೆ ಒಂದು ಚಮಚ ಅಕ್ಕಿ ವಿನೆಗರ್. ಜಪಾನಿನಲ್ಲಿ ಸಿಹಿಗೆ ಮಿರಿನ್ ಎಂಬ ಅಕ್ಕಿ ಮದ್ಯ ಬಳಸುತ್ತಾರೆ. ಅದು ಬೇಡವಾದ ಮನೆಗಳಲ್ಲಿ ಮಂಡ್ಯದ ಬೆಲ್ಲ ಆ ಜಾಗವನ್ನು ಚೆನ್ನಾಗಿ ತುಂಬುತ್ತದೆ. ತಿಳಿ ಬಣ್ಣದ ಬೆಲ್ಲ ಆರಿಸಿ, ಕಪ್ಪು ಬೆಲ್ಲದ ಕಾಕಂಬಿ ವಾಸನೆ ಸೋಯಾ ಜೊತೆ ಹೊಂದುವುದಿಲ್ಲ. ಅಣಬೆ ಟೋಪಿಗಳನ್ನು ಅದರಲ್ಲೇ ಆರಲು ಬಿಟ್ಟು ಹೆಚ್ಚಿಕೊಂಡರೆ ಒಂದು ಅಲಂಕಾರವೂ ಸಿದ್ಧ. ಒಂದು ಬಟ್ಟಲಿಗೆ 350 ಮಿಲಿ ಸ್ಟಾಕಿಗೆ 30 ಮಿಲಿ ತರೆ. ಇದರಿಂದ ಉಪ್ಪು ಶೇ. 1.2ರ ಆಸುಪಾಸಿಗೆ ಬರುತ್ತದೆ. ಬರೀ ಸೂಪಿಗೆ ಇದು ತುಸು ಹೆಚ್ಚೆನಿಸಿದರೂ ಉಪ್ಪು ಕಡಿಮೆಯಿರುವ ನೂಡಲ್ಸ್ ಸೇರಿದಾಗ ಸರಿಹೋಗುತ್ತದೆ.

ಮಿಸೊ ತರೆಗೆ 110 ಗ್ರಾಂ ಮಿಸೊ, ಹುರಿದು ರುಬ್ಬಿದ ಬಿಳಿ ಎಳ್ಳು 40 ಗ್ರಾಂ, ತುರಿದ ಬೆಳ್ಳುಳ್ಳಿ ನಾಲ್ಕೆಸಳು, ಒಂದು ಚಮಚ ಶುಂಠಿ, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಎರಡು ಚಮಚ ಸೋಯಾ ಸಾಸ್. ಬೆಳ್ಳುಳ್ಳಿ ಶುಂಠಿಯನ್ನು ಎಣ್ಣೆಯಲ್ಲಿ ಬಾಡಿಸಿ, ಒಲೆ ಆರಿಸಿ, ಉಳಿದದ್ದನ್ನು ಕಲಸಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಮಿತ. ಗುಂಟೂರು ಹಾಕಿದರೆ ಮಿಸೊ ಕಾಣೆಯಾಗುತ್ತದೆ. ಬಟ್ಟಲಿಗೆ ಎರಡು ದೊಡ್ಡ ಚಮಚ. ಮಿಸೊವನ್ನು ಸ್ಟಾಕಿನಲ್ಲಿ ಕುದಿಸಬೇಡಿ, ಹುದುಗಿನ ಘಮ ಹಾರಿಹೋಗುತ್ತದೆ.

ಮೈ ಮತ್ತು ಘಮ

ಸೋಯಾ ತರೆಯ ತಿಳಿ ರಾಮೆನ್‌ಗೆ ದಪ್ಪ ಬೇಕಿಲ್ಲ. ಮಿಸೊ ಬಟ್ಟಲಿಗೆ ಬೇಕು. ಅದಕ್ಕೆ ಸಿಹಿ, ವೆನಿಲಾ ಬೆರೆಸದ ಸೋಯಾ ಹಾಲು: ಸ್ಟಾಕ್ 1.1 ಲೀಟರಿಗೆ ಹಾಲು 300 ಮಿಲಿ. ಮನೆಯಲ್ಲೇ ಮಾಡುವುದಾದರೆ 100 ಗ್ರಾಂ ಸೋಯಾ ಕಾಳನ್ನು ರಾತ್ರಿ ನೆನೆಸಿ, 700 ಮಿಲಿ ನೀರಿನೊಂದಿಗೆ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಕೈಯಾಡಿಸುತ್ತ ಹದಿನೈದು ನಿಮಿಷ ಕುದಿಸಿ. ಕುದಿಯುವ ಮೊದಲೇ ನೊರೆ ಉಕ್ಕಿ ಕುದಿಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಅಲ್ಲಿಗೇ ಇಳಿಸಬೇಡಿ, ಅರೆಬೆಂದ ಸೋಯಾ ಹಾಲು ಹೊಟ್ಟೆಗೆ ಒಗ್ಗುವುದಿಲ್ಲ. ಈ ಹಾಲು ಉಪ್ಪು, ಹುಳಿ, ಜೋರು ಕುದಿ ಮೂರೂ ಸೇರಿದರೆ ಒಡೆಯುತ್ತದೆ. ಆದ್ದರಿಂದ ಕೊನೆಯಲ್ಲಿ ಸೇರಿಸಿ, ಹಬೆ ಬರುವಷ್ಟೇ ಬಿಸಿ ಮಾಡಿ. ಒಡೆದರೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಪೂರ್ತಿ ಅಲ್ಲದಿದ್ದರೂ ಕೂಡಿಕೊಳ್ಳುತ್ತದೆ. ಸೋಯಾ ಹಾಲು ಒಲ್ಲದವರು ನೆನೆಸಿದ 40 ಗ್ರಾಂ ಗೋಡಂಬಿಯನ್ನು ಸ್ಟಾಕಿನಲ್ಲೇ ರುಬ್ಬಿ ಸೇರಿಸಬಹುದು, ಸ್ವಲ್ಪ ಸಿಹಿ ಜಾಸ್ತಿ.

ಘಮದ ಎಣ್ಣೆಯನ್ನು ಜನ ಮೊದಲು ಕೈಬಿಡುತ್ತಾರೆ. ಸಸ್ಯಾಹಾರಿ ಬಟ್ಟಲಿನಲ್ಲಿ ಅದನ್ನು ಬಿಡಲೇಬಾರದು. ಸೂಪಿನ ಮೇಲೆ ತೆಳುವಾಗಿ ಹರಡಿ ಬಿಸಿಯನ್ನು ಹಿಡಿದಿಡುವುದು, ನೂಡಲ್ಸ್ ಎಳೆಗೆ ಅಂಟಿ ಬಾಯಿಗೆ ಬರುವುದು ಈ ಎಣ್ಣೆಯೇ. 100 ಮಿಲಿ ಕಡಲೆಕಾಯಿ ಎಣ್ಣೆಯಲ್ಲಿ ಈರುಳ್ಳಿ ಹೂವಿನ ಹಸಿರು ದಂಟು ಒಂದು ಹಿಡಿ, ಹೆಚ್ಚಿದ ಬೆಳ್ಳುಳ್ಳಿ ಆರೆಸಳು, ಶುಂಠಿ ನಾಲ್ಕು ಬಿಲ್ಲೆ ಹಾಕಿ, ತಣ್ಣನೆಯ ಎಣ್ಣೆಯಿಂದಲೇ ಶುರು ಮಾಡಿ, ಅತಿ ಸಣ್ಣ ಉರಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಸೋಸಿ; ಕಂದಾದರೆ ಎಣ್ಣೆಯೆಲ್ಲ ಕಹಿ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದು, ಜಪಾನಿನವರದು ಹುರಿದ ಎಳ್ಳಿನದು, ಆ ಘಮ ಇದರಲ್ಲಿಲ್ಲ. ಎರಡು ಚಮಚ ಬಿಳಿ ಎಳ್ಳನ್ನು ಕೆಂಪಗೆ ಹುರಿದು ಕುಟ್ಟಿ ಬಿಸಿ ಎಣ್ಣೆಗೆ ಬೆರೆಸಿದರೆ ಕೊರತೆ ನೀಗುತ್ತದೆ. ಬಟ್ಟಲಿಗೆ ಒಂದು ದೊಡ್ಡ ಚಮಚ. ಸೋಸಿದ ಮೇಲೂ ಬೆಳ್ಳುಳ್ಳಿ ಎಣ್ಣೆಯನ್ನು ಕಟ್ಟೆಯ ಮೇಲೆ ಬಿಡಬೇಡಿ, ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ.

ನೂಡಲ್ಸ್

ರಾಮೆನ್ ಎಳೆಯ ಹಳದಿ ಮೊಟ್ಟೆಯದಲ್ಲ, ಕ್ಷಾರದ್ದು. ಕ್ಷಾರ ತಾಗಿದಾಗ ಗೋಧಿಯ ಬಣ್ಣದ ಕಣಗಳು ಹಳದಿಯಾಗುತ್ತವೆ, ಹಿಟ್ಟಿನ ಅಂಟಾದ ಗ್ಲುಟೆನ್ ಬಿಗಿಯಾಗುತ್ತದೆ, ಬಿಸಿ ಸೂಪಿನಲ್ಲೂ ಎಳೆ ಬೇಗ ಅಳ್ಳಕವಾಗುವುದಿಲ್ಲ. ಅಡುಗೆ ಸೋಡಾ ಹಾಗೇ ಹಾಕಿದರೆ ಅಷ್ಟು ಬಲ ಬರುವುದಿಲ್ಲ. ಅದನ್ನು ಕಾಯಿಸಿ ಸೋಡಿಯಂ ಕಾರ್ಬೊನೇಟ್ ಮಾಡಿಕೊಳ್ಳಬೇಕು.

ಓವನ್ ಇದ್ದರೆ 100 ಗ್ರಾಂ ಅಡುಗೆ ಸೋಡಾವನ್ನು ತಟ್ಟೆಯಲ್ಲಿ ಹರಡಿ 140 ಡಿಗ್ರಿಯಲ್ಲಿ ಒಂದು ಗಂಟೆ. ಇಲ್ಲದಿದ್ದರೆ ದಪ್ಪ ತಳದ ಸ್ಟೀಲ್ ಅಥವಾ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ. ಗಂಟೆಗಿಂತ ತೂಕವೇ ಖಚಿತ ಗುರುತು: 100 ಗ್ರಾಂ ಇದ್ದದ್ದು 63-65 ಗ್ರಾಮಿಗೆ ಇಳಿದರೆ ಆಯಿತು. ಅಲ್ಯುಮಿನಿಯಂ ಪಾತ್ರೆ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣಿಗೆ ತಾಗಿಸಬೇಡಿ, ಹೆಸರು ಬರೆದು ಮಕ್ಕಳ ಕೈಗೆಟುಕದಂತೆ ಗಾಜಿನ ಬಾಟಲಿಯಲ್ಲಿಡಿ.

ಹಿಟ್ಟಿಗೆ: ಮೈದಾ 360 ಗ್ರಾಂ, ಚಿರೋಟಿ ರವೆ 40 ಗ್ರಾಂ, ನೀರು 165 ಮಿಲಿ, ಉಪ್ಪು 4 ಗ್ರಾಂ, ಕಾಯಿಸಿದ ಸೋಡಾ 6 ಗ್ರಾಂ. ಇಲ್ಲಿ ಕಣ್ಣಂದಾಜು ನಡೆಯದು, ತಕ್ಕಡಿ ಬೇಕೇ ಬೇಕು. ಸೋಡಾ 10 ಗ್ರಾಂ ಆದರೆ ಸೋಪಿನ ರುಚಿ. ನಮ್ಮ ಮೈದಾ ಮೃದು, ಚಿರೋಟಿ ರವೆ ಅದಕ್ಕೆ ಕಚ್ಚುವ ಗುಣ ಕೊಡುತ್ತದೆ.

ನೀರಿನಲ್ಲಿ ಉಪ್ಪು, ಸೋಡಾ ಕರಗಿಸಿ. ಅದನ್ನು ಹಿಟ್ಟಿಗೆ ಮೂರು ಸಲ ಚಿಮುಕಿಸಿ ಬೆರಳ ತುದಿಯಲ್ಲಿ ಉದುರುದುರಾಗಿ ಕಲಸಿ. ಇಷ್ಟು ಒಣಗಿದ್ದರೆ ಉಂಡೆಯಾಗುವುದೇ ಇಲ್ಲ ಎನಿಸುತ್ತದೆ, ಚಪಾತಿ ಕೈಗೆ ನೀರು ಹಾಕುವ ಮನಸ್ಸಾಗುತ್ತದೆ. ಹಾಕಬೇಡಿ. ಮುಚ್ಚಿ 30 ನಿಮಿಷ ಬಿಡಿ, ತೇವ ತಾನೇ ಒಳಗಿಳಿಯುತ್ತದೆ. ನಂತರ ದಪ್ಪ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಶುದ್ಧ ಬಟ್ಟೆ ಸುತ್ತಿ ಹಿಮ್ಮಡಿಯಿಂದ ತುಳಿಯಿರಿ, ಮಡಿಸಿ, ಮತ್ತೆ ತುಳಿಯಿರಿ, ಐದಾರು ಸಲ. ಕೈಬಲದಿಂದ ಈ ಹಿಟ್ಟು ಬಗ್ಗದು. ಒಂದು ಗಂಟೆ ವಿಶ್ರಾಂತಿ.

ನಾಲ್ಕು ಭಾಗ ಮಾಡಿ, ಒಂದೊಂದನ್ನೇ ಲಟ್ಟಣಿಗೆಯಿಂದ ಒಂದೂವರೆ ಮಿಲಿಮೀಟರಿಗೆ ಲಟ್ಟಿಸಿ. ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರೆ ಹತ್ತು ನಿಮಿಷ ಬಿಟ್ಟು ಮುಂದುವರಿಸಿ. ಕಾರ್ನ್‌ಫ್ಲೋರ್ ಉದುರಿಸಿ ಮೂರು ಮಡಿಕೆ ಮಾಡಿ, ಹರಿತವಾದ ಚಾಕುವಿನಿಂದ ಎರಡು ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ ಕೊಡವಿ. ಉದುರಿಸಲು ಮೈದಾ ಬಳಸಿದರೆ ಅಂಟುತ್ತದೆ. ರಾತ್ರಿಯೇ ಕತ್ತರಿಸಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಹದ ಇನ್ನೂ ಚೆನ್ನ.

ಇಷ್ಟು ಸಮಯವಿಲ್ಲದವರು ಹಸಿರು ಚುಕ್ಕೆಯ ಒಣ ನೂಡಲ್ಸ್ ಕೊಳ್ಳಿ, ಕೆಲವು ಪೊಟ್ಟಣಗಳಲ್ಲಿ ಮೊಟ್ಟೆ ಇರುತ್ತದೆ. ತೆಳು ಸ್ಪಗೆಟಿಯನ್ನು ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬೇಯಿಸಿದರೂ ಕ್ಷಾರದ ಗುಣ ಸಾಕಷ್ಟು ಬರುತ್ತದೆ. ಪಾತ್ರೆ ದೊಡ್ಡದಿರಲಿ, ಉಕ್ಕುತ್ತದೆ.

ಮೇಲೆ ಏನು

ರಾಮೆನ್ ಮೇಲೆ ಹಾಕುವ ಮೆನ್ಮಾ ಎಂದರೆ ಹುದುಗಿಸಿದ ಬಿದಿರ ಮೊಳಕೆ. ಮಳೆಗಾಲದಲ್ಲಿ ಕೊಡಗು, ಮಲೆನಾಡಿನ ಕಡೆ ಸಿಗುವ ಕಳಲೆ ಆ ಜಾಗಕ್ಕೆ ಹೇಳಿಮಾಡಿಸಿದ್ದು. ಹಸಿ ಕಳಲೆಯಲ್ಲಿ ವಿಷಾಂಶ ಇದೆ. ತೆಳುವಾಗಿ ಹೆಚ್ಚಿ, ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸಿ, ಮುಚ್ಚದ ಪಾತ್ರೆಯಲ್ಲಿ 20 ನಿಮಿಷ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಆಮೇಲೆ ಸೋಯಾ ಸಾಸ್, ಬೆಲ್ಲ, ಘಮದ ಎಣ್ಣೆಯಲ್ಲಿ ಬಾಡಿಸಿ. ತೆಗೆದಿಟ್ಟ ಕೊಂಬುವನ್ನೂ ಎಳೆ ಎಳೆಯಾಗಿ ಹೆಚ್ಚಿ ಹೀಗೆಯೇ ಮಾಡಬಹುದು.

ತೋಫುವನ್ನು (ಸೋಯಾ ಹಾಲಿನ ಪನೀರು) ಭಾರ ಇಟ್ಟು 30 ನಿಮಿಷ ನೀರಿಳಿಸಿ, ಕಾರ್ನ್‌ಫ್ಲೋರ್ ಹೊರಳಿಸಿ ಹುರಿಯಿರಿ. ಪನೀರ್ ಹಾಕಿದರೆ ಹಾಲಿನ ವಾಸನೆ ಸ್ಟಾಕನ್ನು ಮಂಕು ಮಾಡುತ್ತದೆ, ತೋಫುವೇ ಮೇಲು. ಉದ್ದ ಮೊಳಕೆಯ ಹೆಸರುಕಾಳು ಕುದಿನೀರಲ್ಲಿ 20 ಸೆಕೆಂಡು, ಪಾಲಕ್ 30 ಸೆಕೆಂಡು, ಎರಡನ್ನೂ ಚೆನ್ನಾಗಿ ಹಿಂಡಿ. ಎಳೆ ಜೋಳದ ಕಾಳು ಮಿಸೊ ಬಟ್ಟಲಿಗೆ ಬಲು ಹೊಂದುತ್ತದೆ. ಮೂರು ಬಗೆಗಿಂತ ಹೆಚ್ಚು ಬೇಡ.

ಬಟ್ಟಲು ಕಟ್ಟುವುದು

ಎಲ್ಲವೂ ಸಿದ್ಧವಾಗಿ, ತಿನ್ನುವವರು ಕೂತ ಮೇಲೆ ನೂಡಲ್ಸ್ ಬೇಯಿಸಿ. ಬಟ್ಟಲುಗಳಿಗೆ ಕುದಿನೀರು ಹಾಕಿ ಕಾಯಿಸಿ, ಚೆಲ್ಲಿ, ತಲಾ 25 ಮಿಲಿ ತರೆ ಮತ್ತು ಎಣ್ಣೆ ಹಾಕಿಡಿ. ಉಳಿದ 5 ಮಿಲಿ ರುಚಿ ನೋಡಿ ಸೇರಿಸಲು. ಸ್ಟಾಕ್ ಪಕ್ಕದ ಒಲೆಯಲ್ಲಿ ಕಾಯುತ್ತಿರಲಿ.

ದೊಡ್ಡ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರು ಜೋರಾಗಿ ಕುದಿಸಿ, ಉಪ್ಪು ಬೇಡ. ಇಬ್ಬರದು ಒಮ್ಮೆಗೆ, ನಾಲ್ಕೂ ಒಟ್ಟಿಗೆ ಹಾಕಿದರೆ ಕುದಿ ನಿಂತು ಎಳೆ ಮುದ್ದೆಯಾಗುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಹಾಗಾಗಿ ಪೊಟ್ಟಣದಲ್ಲಿ ಬರೆದ ಸಮಯಕ್ಕಿಂತ ಹತ್ತಿಪ್ಪತ್ತು ಸೆಕೆಂಡು ಹೆಚ್ಚು ಹಿಡಿಯಬಹುದು. ಮನೆಯ ಎಳೆಗೆ ಒಂದೂವರೆಯಿಂದ ಎರಡು ನಿಮಿಷ. ಒಂದೂಕಾಲು ನಿಮಿಷಕ್ಕೆ ಒಂದೆಳೆ ಕಚ್ಚಿ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಗಿ ಉಳಿದಿರುವಾಗಲೇ ಜರಡಿಗೆ ಎತ್ತಿ, ಎರಡು ಮೂರು ಸಲ ಜೋರಾಗಿ ಕೊಡವಿ. ನೂಡಲ್ಸಿನಲ್ಲಿ ನಿಂತ ನೀರು ಬಟ್ಟಲಿಗೆ ಹೋದರೆ ಸೂಪ್ ತೆಳುವಾಗುತ್ತದೆ, ಅದು ಕ್ಷಾರದ ನೀರು ಬೇರೆ. ಆ ನೀರನ್ನು ಸ್ಟಾಕಿಗೆ ಎಂದೂ ಸೇರಿಸಬೇಡಿ.

ತರೆಯ ಮೇಲೆ 350 ಮಿಲಿ ಬಿಸಿ ಸ್ಟಾಕ್ ಸುರಿದು ಕಲಕಿ, ನೂಡಲ್ಸ್ ಇಳಿಸಿ, ಒಮ್ಮೆ ಎತ್ತಿ ಮಡಿಸಿ, ಮೇಲಿನವನ್ನು ಜೋಡಿಸಿ, ಹೆಚ್ಚಿದ ಈರುಳ್ಳಿ ಹೂವು ಉದುರಿಸಿ. ಮೊದಲ ಇಬ್ಬರು ಉಳಿದವರಿಗೆ ಕಾಯದೆ ತಿನ್ನಲಿ, ಎಂಟು ನಿಮಿಷ ದಾಟಿದರೆ ಎಳೆ ಸೂಪು ಕುಡಿದು ಊದುತ್ತದೆ.

ಮೊದಲ ಗುಟುಕಿಗೇ ಏನೋ ಸಾಲದೆನಿಸಿದರೆ ಅರ್ಧ ಚಮಚ ತರೆ ಹಾಕಿ ನೋಡಿ. ಹತ್ತರಲ್ಲಿ ಎಂಟು ಸಲ ಕೊರತೆ ಉಪ್ಪಿನದೇ. ಉಪ್ಪು ಸರಿಯಿದ್ದೂ ಬಾಯಿಗೆ ಖಾಲಿ ಎನಿಸಿದರೆ ಎಣ್ಣೆ ಕಡಿಮೆಯಾಗಿದೆ. ಎರಡೂ ಸರಿಯಿದ್ದರೆ ಸ್ಟಾಕಿನಲ್ಲೇ ಕೊಂಬು ಕೈಕೊಟ್ಟಿದೆ ಎಂದರ್ಥ, ಆ ಹೊತ್ತಿಗೆ ಬಟ್ಟಲಿಗೆ ಚಿಟಿಕೆ ಟೇಸ್ಟಿಂಗ್ ಪೌಡರ್ ಸಹಾಯಕ್ಕೆ ಬರುತ್ತದೆ. ಕಹಿ ಇದ್ದರೆ ಸೀದ ಬೆಳ್ಳುಳ್ಳಿ ಅಥವಾ ಕುದಿದ ಕೊಂಬು. ಅದಕ್ಕೆ ಪರಿಹಾರವಿಲ್ಲ, ಅರ್ಧ ಸ್ಟಾಕಿಗೆ ಸೋಯಾ ಹಾಲು ಬೆರೆಸಿ ಮಿಸೊ ಬಟ್ಟಲು ಮಾಡಿದರೆ ಮಾತ್ರ ತುಸು ಮರೆಯಾಗುತ್ತದೆ.

ಹಾಲು ಸೇರಿಸದ ಸ್ಟಾಕ್ ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಒಂದು ತಿಂಗಳು ಇರುತ್ತದೆ. ಸೋಯಾ ತರೆ ಫ್ರಿಜ್ಜಿನಲ್ಲಿ ಮೂರು ವಾರ. ಕತ್ತರಿಸಿದ ನೂಡಲ್ಸನ್ನು ಒಬ್ಬೊಬ್ಬರ ಪಾಲು ಮಾಡಿ ಫ್ರೀಜರಿಗೆ ಹಾಕಿ, ಕರಗಿಸದೆ ನೇರ ಕುದಿನೀರಿಗೆ ಬಿಡಿ, ಅರ್ಧ ನಿಮಿಷ ಹೆಚ್ಚು ಬೇಯಿಸಿ. ಇವು ಕೈಯಲ್ಲಿದ್ದರೆ ವಾರದ ನಡುವಿನ ಸಂಜೆ ರಾಮೆನ್‌ಗೆ ಇಪ್ಪತ್ತು ನಿಮಿಷ ಸಾಕು.